ಮೂಲೆ ಮಡಚಿದ ಕಾರ್ಡು

ಕಂಪನಿಯವರು ಕಳಿಸಿದ ಕರಾರುಪತ್ರದ ಕರಡು ಹದಿನೆಂಟು ಪುಟವಿತ್ತು. ಅದರಲ್ಲಿ ಕೌಂಟರಮ್ಮನ ಪ್ರಸ್ತಾಪ ಬಂದದ್ದು ಹನ್ನೊಂದನೇ ಪುಟದಲ್ಲಿ, ಅದೂ ಹೆಸರು ಹೇಳದೆ. ದವಾಖಾನೆಯಲ್ಲಿ ಈಗಿರುವ ಕೌಂಟರನ್ನು ತೆಗೆದು ಆ ಜಾಗದಲ್ಲಿ ಗೋಡೆಗೆ ಪರದೆ ಹಾಕಲಾಗುವುದು, ಬಂದವರು ತಾವೇ ಬೆರಳಿಟ್ಟು ಸರದಿ ಪಡೆಯುವರು ಎಂದಿತ್ತು. ಅಳಿಯ ಅದನ್ನು ಊಟದ ಮೇಜಿನ ಮುಂದೆ ಗಟ್ಟಿಯಾಗಿ ಓದಿದ. ಓದಿ, ಒಳ್ಳೆಯ ಮಾತೇ ಆಡುತ್ತಿದ್ದೇನೆ ಅಂದುಕೊಂಡು, "ನೋಡಿ ಅತ್ತೆ, ಇನ್ಮೇಲೆ ನೀವು ಹಾಯಾಗಿರಬಹುದು" ಎಂದ.

"ಈಗ ನಾನು ಹಾಯಾಗಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಹಾಗಲ್ಲ ಅತ್ತೆ..."

"ಅಮ್ಮ, ಊಟ ಮಾಡೋ ಹೊತ್ತಲ್ಲಿ ಬೇಡ" ಎಂದಳು ಮಗಳು. ಅವಳ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಫೋನು. ಫೋನಿನ ಆ ಕಡೆ ಯಾರದೋ ಬೆಕ್ಕು ಬೆಳಗಿನಿಂದ ಮೂತ್ರ ಮಾಡಿರಲಿಲ್ಲ.

"ಆಯ್ತು. ನಾಳೆಯಿಂದಲೇ ಹಾಯಾಗಿರ್ತೀನಿ" ಎಂದು ಕೌಂಟರಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ಸೂಪು ಅರ್ಧ ಉಳಿದಿತ್ತು. ಅಳಿಯನ ಸೂಪಿಗೆ ಉಪ್ಪು ಜಾಸ್ತಿಯಾಗುವುದು ಹೊಸದೇನಲ್ಲ, ಆದ್ದರಿಂದ ಅವಳು ಕೋಪಕ್ಕೆ ಬಿಟ್ಟಳೋ ಉಪ್ಪಿಗೆ ಬಿಟ್ಟಳೋ ಎಂದು ಯಾರಿಗೂ ಖಚಿತವಾಗಲಿಲ್ಲ.

ಆ ಮನೆಯ ಕೆಳಗಡೆ ಪ್ರಾಣಿಗಳ ದವಾಖಾನೆ, ಮೇಲುಗಡೆ ಸಂಸಾರ. ಮೂವತ್ತೆಂಟು ವರ್ಷದ ಹಿಂದೆ ಅದನ್ನು ತೆರೆದದ್ದು ಕೌಂಟರಮ್ಮನ ಗಂಡ. ಅವತ್ತಿನಿಂದ ಕೌಂಟರಿನಲ್ಲಿ ಕೂತವಳು ಅವಳು, ಆ ಹೆಸರು ಬಂದದ್ದೂ ಹಾಗೆಯೇ. ಬೀದಿಯವರೆಲ್ಲ ಅವರನ್ನು ದೊಡ್ಡ ಡಾಕ್ಟರು ಅನ್ನುತ್ತಾರೆ. ಅವರದು ದನದ ಡಾಕ್ಟರಿಕೆ. ಆಗ ಊರಂಚಿನಲ್ಲಿ ಹಾಲು ಮಾರುವವರು ನೂರಿಪ್ಪತ್ತು ಮನೆಯವರಿದ್ದರು. ಹಸುವಿನ ಹೊಟ್ಟೆಯೊಳಗೆ ತೋಳು ಹಾಕಿ ಹಾಕಿ ಡಾಕ್ಟರ ಬಲಭುಜ ಸವೆದು ಹೋಗಿದೆ. ಈಗ ಆ ನೂರಿಪ್ಪತ್ತು ಮನೆಗಳ ಜಾಗದಲ್ಲಿ ಒಂದೇ ಒಂದು ಶೆಡ್ಡು, ಅದರಲ್ಲಿ ಎರಡು ಸಾವಿರ ಹಸು, ಪ್ರತಿ ಹಸುವಿನ ಕೊರಳಿಗೂ ಒಂದು ಪಟ್ಟಿ. ಹಸು ಮೆಲುಕು ಹಾಕುವುದು ಕಡಿಮೆಯಾದರೆ ಆ ಪಟ್ಟಿ ಫೋನಿಗೆ ಸುದ್ದಿ ಕಳಿಸುತ್ತದೆ. "ಹಸುಗೆ ಜ್ವರ ಬಂದಿರೋದು ಹಸುಗಿಂತ ಮೊದಲು ಫೋನಿಗೆ ಗೊತ್ತಾಗುತ್ತೆ. ಅಲ್ಲಿ ನನಗೇನು ಕೆಲಸ?" ಎನ್ನುತ್ತ ದೊಡ್ಡ ಡಾಕ್ಟರು ಹತ್ತು ವರ್ಷದಿಂದ ಮೇಲುಗಡೆ ಕೂತು ಪೇಪರು ಓದುತ್ತಿದ್ದರು.

ಕೆಳಗೆ ಕೆಲಸವೇನೂ ಕಡಿಮೆಯಾಗಿರಲಿಲ್ಲ. ಹಸು ಹೋದ ಜಾಗಕ್ಕೆ ನಾಯಿ, ಬೆಕ್ಕು ಬಂದಿದ್ದವು. ಬೀದಿಯಲ್ಲಿ ತಳ್ಳುಗಾಡಿ ಕಂಡು ಕೂಸು ನೋಡೋಣವೆಂದು ಬಗ್ಗಿದರೆ ಒಳಗಿನಿಂದ ನಾಯಿಮರಿ ಇಣುಕುವ ಕಾಲ. ಮದುವೆಯಾದವರು ಮಕ್ಕಳ ಬದಲು ನಾಯಿ ಸಾಕುತ್ತಿದ್ದರು. ವಯಸ್ಸಾದವರಂತೂ ಮನೆಗೊಬ್ಬೊಬ್ಬರೇ ಉಳಿದು, ಮಾತಿಗೊಂದು ಜೀವ ಬೇಕೆಂದು ಸಾಕುತ್ತಿದ್ದರು. ದೊಡ್ಡ ಡಾಕ್ಟರಿಗೆ ಇದೆಲ್ಲ ಡಾಕ್ಟರಿಕೆಯೇ ಅಲ್ಲ. ಬೆಕ್ಕಿಗಂತೂ ಅವರು ಹೆದರುತ್ತಿದ್ದರು. ಕೆಲಸಕ್ಕೆ ಸೇರಿದ ವರ್ಷವೇ ಒಂದು ಬೆಕ್ಕು ಮೂಗು ಪರಚಿತ್ತು, ಗುರುತು ಈಗಲೂ ಇದೆ.

ಹಾಗಾಗಿ ದವಾಖಾನೆ ಪೂರ್ತಿ, ತಾನೂ ಪ್ರಾಣಿಗಳ ಡಾಕ್ಟರಾಗಿದ್ದ ಮಗಳ ಹೆಗಲ ಮೇಲೆ. ಸಹಾಯಕ್ಕೊಬ್ಬ ಡಾಕ್ಟರು ಬೇಕೆಂದು ಒಂದೂವರೆ ವರ್ಷದಿಂದ ಹುಡುಕುತ್ತಿದ್ದಳು. ಹೊಸದಾಗಿ ಓದಿ ಬಂದವರೆಲ್ಲ ಹೆದ್ದಾರಿ ಪಕ್ಕದ ಕಂಪನಿ ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿ ವಾರಕ್ಕೆ ಎರಡು ದಿನ ರಜ, ಹೊತ್ತಿಗೆ ಸರಿಯಾಗಿ ಪಾಳಿ. ಮಗಳು ನಲವತ್ತೊಂದು ವರ್ಷದವಳು. ಮಧ್ಯಾಹ್ನದ ಊಟ ನಿಂತೇ ಮಾಡುತ್ತಿದ್ದಳು. ಕೊನೆಯದಾಗಿ ಭಾನುವಾರ ಮನೆಯಲ್ಲಿ ಕೂತದ್ದು ಯಾವಾಗ ಎಂದು ಕೇಳಿದರೆ ಯೋಚಿಸಬೇಕಾಗುತ್ತಿತ್ತು. ಈಗ ಅದೇ ಕಂಪನಿ ಈ ದವಾಖಾನೆಯನ್ನೂ ಕೊಳ್ಳುತ್ತೇವೆ ಎಂದು ಬಂದಿತ್ತು.

ಅಳಿಯನದು ಪ್ರಾಣಿಗಳ ಔಷಧಿ ಮಾರುವ ಕೆಲಸ. ಒಂದು ಕಾಲಕ್ಕೆ ಚೀಲ ಹಿಡಿದು ವಾರಕ್ಕೆ ಅರವತ್ತು ದವಾಖಾನೆ ಸುತ್ತುತ್ತಿದ್ದವನು. ಡಾಕ್ಟರುಗಳು ಫೋನಿನಲ್ಲೇ ಔಷಧಿ ತರಿಸಲು ಶುರುಮಾಡಿದ ಮೇಲೆ ಅವನಿಗೆ ವಾರದಲ್ಲಿ ಮೂರು ದಿನ ಕೆಲಸ, ಉಳಿದ ದಿನ ಅಡುಗೆಮನೆ. ಕರಾರು ಬೇಗ ಮುಗಿಯಲಿ ಎಂಬ ಆತುರ ಮನೆಯಲ್ಲಿ ಎಲ್ಲರಿಗಿಂತ ಅವನಿಗೇ ಜಾಸ್ತಿ.

ಕರಾರಿನ ನಾಲ್ಕನೇ ಪುಟದಲ್ಲಿ ಒಂದು ಷರತ್ತಿತ್ತು. ಕಳೆದ ಎರಡು ವರ್ಷದಲ್ಲಿ ಬಂದ, ಬದುಕಿರುವ ಪ್ರಾಣಿಗಳು ಎರಡು ಸಾವಿರಕ್ಕೆ ಕಡಿಮೆಯಿಲ್ಲದಿದ್ದರೆ ದವಾಖಾನೆಯನ್ನು ಇದ್ದಲ್ಲೇ ನಡೆಸುವುದು. ಕಡಿಮೆಯಿದ್ದರೆ ಕಟ್ಟಡದ ಗೊಡವೆ ಬೇಡ, ಡಾಕ್ಟರನ್ನು ಮಾತ್ರ ಹೆದ್ದಾರಿ ಆಸ್ಪತ್ರೆಗೆ ತೆಗೆದುಕೊಳ್ಳುವುದು. ಲೆಕ್ಕಕ್ಕೆ ಕಾರ್ಡುಗಳೆಲ್ಲ ಕಂಪ್ಯೂಟರಿಗೆ ಏರಬೇಕು.

ಕಾರ್ಡು ಎಂದರೆ ಕೌಂಟರಮ್ಮನ ಸಾಮ್ರಾಜ್ಯ. ಪ್ರಾಣಿಗೊಂದು ಹಳದಿ ದಪ್ಪ ಕಾರ್ಡು, ಮರದ ಪೆಟ್ಟಿಗೆಯಲ್ಲಿ ಸಾಲಾಗಿ. ಎರಡು ವರ್ಷದಿಂದ ಮುಖ ತೋರಿಸದವುಗಳ ಕಾರ್ಡು ಅಟ್ಟಕ್ಕೆ ಹೋಗುತ್ತಿತ್ತು, ಉಳಿದವು ಅವಳ ಕೈಯಳತೆಯಲ್ಲಿರುತ್ತಿದ್ದವು. ಮರುದಿನದಿಂದ ಅವಳು ದವಾಖಾನೆಗೆ ಕಾಲಿಡಲಿಲ್ಲ. ಕಂಪನಿಯ ಹುಡುಗಿ ಕಾರ್ಡು ಓದುವ ಮಷಿನ್ನು ತಂದಿಟ್ಟು ಹೋದಳು. ರಜದಲ್ಲಿದ್ದ ಹದಿನೇಳು ವರ್ಷದ ಮೊಮ್ಮಗಳು ಆ ಕೆಲಸ ವಹಿಸಿಕೊಂಡಳು.

ಎರಡನೇ ದಿನ ಮೊಮ್ಮಗಳು ಮೇಲೆ ಬಂದಳು. ಕೌಂಟರಮ್ಮ ಬಟಾಣಿ ಸುಲಿಯುತ್ತ ಕೂತಿದ್ದಳು.

"ಅಜ್ಜೀ, ಕೆಲವು ಕಾರ್ಡಿಗೆ ಬಲಗಡೆ ಮೂಲೆ ಮಡಚಿದೆಯಲ್ಲ, ಯಾಕೆ? ಮಷಿನ್ನಲ್ಲಿ ಸಿಕ್ಕಿ ಹಾಕ್ಕೊಳ್ತಿದೆ."

"ನಿಮ್ಮ ಕಂಪನಿಯವರನ್ನೇ ಕೇಳು."

"ಅವರಿಗೆ ಹೇಗಜ್ಜಿ ಗೊತ್ತಿರುತ್ತೆ?"

"ಎಲ್ಲಾ ಗೊತ್ತಿರೋರಲ್ವಾ? ಕೇಳು."

ಮೂಲೆ ಮಡಚಿದ್ದರೆ ಆ ಪ್ರಾಣಿ ಸತ್ತಿದೆ ಎಂದರ್ಥ. ಮೊದಲೆಲ್ಲ ಅವಳು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ 'ಸತ್ತಿದೆ' ಎಂದು ಬರೆಯುತ್ತಿದ್ದಳು. ಹೊಸ ಬೆಕ್ಕಿನ ಮರಿ ತಂದಿದ್ದ ಹೆಂಗಸೊಬ್ಬಳು ಕೌಂಟರಿನ ಆ ಕಡೆಯಿಂದಲೇ ಹಳೆಯ ಬೆಕ್ಕಿನ ಕಾರ್ಡು ನೋಡಿ, ಮರಿಯನ್ನೂ ತೋರಿಸದೆ ಹೊರಟುಹೋದಳು. ಅವತ್ತಿನಿಂದ ಬರೆಯುವುದು ನಿಂತಿತು. ಯಾರಾದರೂ ಬಂದು ಹೋಯ್ತಮ್ಮ ಎಂದರೆ, ಅವರು ಹೋದ ಮೇಲೆ, ಕೌಂಟರಿನ ಕೆಳಗೆ ಮರೆಯಲ್ಲಿ ಮೂಲೆ ಮಡಚುವುದು. ಕಾರ್ಡನ್ನು ಕೂಡಲೇ ಅಟ್ಟಕ್ಕೆ ಹಾಕುತ್ತಲೂ ಇರಲಿಲ್ಲ. ಅದೇ ಜನ ಇನ್ನೊಂದು ಪ್ರಾಣಿ ಹಿಡಿದು ಬಂದಾಗ ಹಳೆಯದು ಹೇಗಿದೆ ಎಂದು ತಪ್ಪಿ ಕೇಳಬಾರದಲ್ಲ.

ಇಷ್ಟನ್ನು ಮೊಮ್ಮಗಳಿಗೆ ಹೇಳಲು ಒಂದು ನಿಮಿಷ ಸಾಕಾಗಿತ್ತು. ಬಟಾಣಿ ಅಷ್ಟು ಅವಸರದ್ದೇನೂ ಆಗಿರಲಿಲ್ಲ. ಆದರೂ ಅವಳು ಹೇಳಲಿಲ್ಲ. ತಾನಿಲ್ಲದೆ ಒಂದು ವಾರ ಒದ್ದಾಡಲಿ, ಆಮೇಲೆ ಬಂದು ಕರೆಯಲಿ ಎಂಬುದು ಅವಳ ಎಣಿಕೆ.

ಯಾರೂ ಕರೆಯಲಿಲ್ಲ. ಮೊಮ್ಮಗಳು ಅಪ್ಪನನ್ನು ಕರೆದಳು. ಅಪ್ಪ ಇಸ್ತ್ರಿಪೆಟ್ಟಿಗೆ ತಂದ. ಇಬ್ಬರೂ ಮೂರು ದಿನ ಮಧ್ಯಾಹ್ನ ದವಾಖಾನೆಯ ಹಿಂದಿನ ಕೋಣೆಯ ಮೇಜಿನ ಮೇಲೆ ಬಟ್ಟೆ ಹಾಸಿ, ಮಡಚಿದ ಮೂಲೆಗಳನ್ನೆಲ್ಲ ಅಂಗಿ ಕಾಲರಿನ ಹಾಗೆ ನೀಟಾಗಿ ಇಸ್ತ್ರಿ ಮಾಡಿದರು. ಆಮೇಲೆ ಒಂದು ಕಾರ್ಡೂ ಸಿಕ್ಕಿಕೊಳ್ಳಲಿಲ್ಲ. ಕಾರ್ಡಿನ ಕೊನೆಯ ಸಾಲಲ್ಲಿ ಏನಿದೆಯೆಂದು ಮಷಿನ್ನಿಗೆ ತಿಳಿಯುವಂತಿರಲಿಲ್ಲ. ಡಾಕ್ಟರ ಅಕ್ಷರ ಡಾಕ್ಟರ ಅಕ್ಷರವೇ. ಅದು ತಾರೀಕು ಮಾತ್ರ ಓದುತ್ತಿತ್ತು. ಸಾಯುವ ಮುಂಚೆ ಪ್ರಾಣಿಗಳು ಪದೇ ಪದೇ ಬರುವುದರಿಂದ, ಸತ್ತವುಗಳೇ ಲೆಕ್ಕದಲ್ಲಿ ಎಲ್ಲಕ್ಕಿಂತ ಚುರುಕಾಗಿ ಕಂಡವು.

ಆ ವಾರವೇ ತರಕಾರಿ ಅಂಗಡಿಯಲ್ಲಿ ದರ್ಜಿ ಸಿಕ್ಕಿದ. ಎಪ್ಪತ್ತು ದಾಟಿದವನು, ಒಂಟಿ. "ನಮ್ಮ ಗುಂಡ ಹೋದ ಕೌಂಟರಮ್ಮ, ಮೊನ್ನೆ ಬೆಳಿಗ್ಗೆ" ಎಂದ. ಹದಿನಾಲ್ಕು ವರ್ಷದ ನಾಯಿ. ಅವನು ಹೊಲಿಯುವಾಗ ಮಷಿನ್ನಿನ ಕಾಲ ಬಳಿಯೇ ಮಲಗಿರುತ್ತಿತ್ತು. ಕೌಂಟರಮ್ಮನಿಗೆ ಕೆಡುಕೆನಿಸಿತು, ಎರಡು ಮಾತು ಆಡಿದಳು. ಮನೆಗೆ ಬಂದಾಗ ಪೆಟ್ಟಿಗೆಯ ನೆನಪಾಯಿತು. ಕೆಳಗೆ ಹೋಗಿ ಒಂದು ಮೂಲೆ ಮಡಚಿ ಬರಲು ಅರ್ಧ ನಿಮಿಷ. ಹಟ ಬಿಡಲಿಲ್ಲ, ಹೋಗಲಿಲ್ಲ.

ಲೆಕ್ಕ ಬಂತು. ಎರಡು ಸಾವಿರದ ನೂರ ನಲವತ್ತು. ಅಳಿಯ ಆ ದಿನ ಕೇಕು ತಂದ.

"ಎರಡು ಸಾವಿರ ದಾಟಿತು! ದವಾಖಾನೆ ಇಲ್ಲೇ ಇರುತ್ತೆ, ಇವಳಿಗೆ ಭಾನುವಾರ ರಜ ಸಿಗುತ್ತೆ. ಇನ್ನೇನು ಬೇಕು ಮಾವ?"

"ಹಸು ಎಷ್ಟು ಅದರಲ್ಲಿ?" ಎಂದರು ದೊಡ್ಡ ಡಾಕ್ಟರು.

"ಒಂದೂ ಇಲ್ಲ."

"ಹಾಗಾದ್ರೆ ನನ್ನನ್ನೇನು ಕೇಳ್ತೀರಿ" ಎಂದು ಅವರು ಕೇಕಿನ ಎರಡನೇ ತುಂಡಿಗೆ ಕೈ ಹಾಕಿದರು. ಮಗಳು ಕೂತೇ ತಿಂದಳು. ಅದನ್ನು ಕೌಂಟರಮ್ಮ ಗಮನಿಸಿದಳು.

ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕಂಪನಿಯ ಕಂಪ್ಯೂಟರು ಎಲ್ಲ ಮನೆಗಳಿಗೂ ಒಂದು ಮೆಸೇಜು ಕಳಿಸಿತು. ಹತ್ತೂ ಐದಕ್ಕೆ ಕೆಳಗೆ ಫೋನು ಹೊಡೆದುಕೊಳ್ಳಲು ಶುರುವಾಯಿತು. ಹತ್ತೂ ಇಪ್ಪತ್ತಕ್ಕೆ ಮೊಮ್ಮಗಳು ಮೆಟ್ಟಿಲ ಮೇಲಿಂದ ಕೂಗಿದಳು: "ಅಜ್ಜೀ, ಬೇಗ ಬಾ, ಯಾರೋ ಅಳ್ತಿದಾರೆ, ಇನ್ಯಾರೋ ಬೈತಿದಾರೆ, ನನಗೇನೂ ಅರ್ಥ ಆಗ್ತಿಲ್ಲ!"

ಹನ್ನೆರಡು ದಿನದ ಮೇಲೆ ಕೌಂಟರಮ್ಮ ದವಾಖಾನೆಗೆ ಇಳಿದಳು. ಕೌಂಟರಿನ ಮುಂದೆ ದರ್ಜಿ ನಿಂತಿದ್ದ. ಕೈಯಲ್ಲಿ ಫೋನಿತ್ತು.

"ಇದನ್ನ ಸ್ವಲ್ಪ ಓದಿ ಹೇಳಿ ಕೌಂಟರಮ್ಮ. ನನ್ನ ಕಣ್ಣು ಸರಿಯಿಲ್ಲವೇನೋ ಅಂತ..."

ಅವನು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಮನುಷ್ಯ. ಅವಳು ಓದಿದಳು. 'ಹಾಯ್! ನಾನು ನಿಮ್ಮ ಗುಂಡ. ನನ್ನ ತಪಾಸಣೆಯ ದಿನ ಬಂದಿದೆ. ನನ್ನನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀರಾ?' ಕೆಳಗೆ ನಾಯಿಯ ಹೆಜ್ಜೆಯ ಚಿತ್ರ.

"ಸತ್ತಿದಾನೆ ಅಂತ ನನಗೆ ಗೊತ್ತು. ಹಿತ್ತಲಲ್ಲಿ ಗುಂಡಿ ತೋಡಿದವನು ನಾನೇ ಅಲ್ವಾ?" ಎಂದ ದರ್ಜಿ. "ಆದರೂ ಓದ್ತಿದ್ದ ಹಾಗೆ ಎದ್ದು, ಮೊಳೆಯಿಂದ ಹಗ್ಗ ತೆಗೆದು, ಬಾಗಿಲವರೆಗೂ ಹೋಗ್ಬಿಟ್ಟೆ. ಹುಚ್ಚು ನೋಡಿ ನನಗೆ."

ಅವನು ನಗಲು ನೋಡಿದ. ಕೌಂಟರಮ್ಮ ಫೋನನ್ನು ಅವನ ಕೈಗೆ ವಾಪಸು ಕೊಟ್ಟಳು. ಮೂವತ್ತೆಂಟು ವರ್ಷ ಆ ಕುರ್ಚಿಯಲ್ಲಿ ಕೂತು ಯಾವುದು ಆಗಬಾರದೆಂದು ಕಾದಿದ್ದಳೋ ಅದು ಒಂದೇ ಏಟಿಗೆ ನಾನೂರು ಮನೆಯಲ್ಲಿ ಆಗಿತ್ತು. ಮಾಡಿದವಳು ಅವಳೇ. ತಪ್ಪನ್ನು ಮಷಿನ್ನಿನ ಮೇಲೆ ಹಾಕುವ ಹಾಗೂ ಇರಲಿಲ್ಲ.

ಆ ದಿನದ ಊಟ ಯಾರಿಗೂ ಸೇರಲಿಲ್ಲ.

"ನೀನು ಮೂಲೆ ವಿಷಯ ಮಗೂಗೆ ಹೇಳಿರ್ತೀಯ ಅಂದ್ಕೊಂಡಿದ್ದೆ ಅಮ್ಮ" ಎಂದಳು ಮಗಳು.

"ಕೇಳಿದಳು. ನಾನು ಹೇಳಲಿಲ್ಲ."

"ಯಾಕೆ?"

"ಕೋಪ ಬಂದಿತ್ತು."

"ಈಗ ಆಗಿದ್ದಾಯ್ತು" ಎಂದು ಅಳಿಯ ಮಧ್ಯೆ ಬಂದ. "ಮೆಸೇಜು ನಿಲ್ಲಿಸಿ ಅಂತ ಕಂಪನಿಗೆ ಹೇಳಿದೀನಿ, ನಿಲ್ಲಿಸಿದಾರೆ. ಸಂಖ್ಯೆ ಮಾತ್ರ ಮುಟ್ಟೋದು ಬೇಡ. ಅವರೇ ಎಣಿಸಿದ್ದು, ಅವರ ಮಷಿನ್ನೇ ಹೇಳಿದ್ದು. ನಾವೇನು ಸುಳ್ಳು ಹೇಳಿದ್ವಾ?"

"ಸತ್ತಿರೋದು ಎಷ್ಟಿರಬಹುದು?" ಮಗಳು ತಾಯಿಯನ್ನೇ ನೋಡುತ್ತಿದ್ದಳು.

"ನಾನೂರರ ಮೇಲೇ."

ಲೆಕ್ಕ ಎಲ್ಲರಿಗೂ ಬರುತ್ತಿತ್ತು. ಎರಡು ಸಾವಿರದ ಕೆಳಕ್ಕೆ ಇಳಿದರೆ ಕೆಳಗಿನ ಬಾಗಿಲಿಗೆ ಬೀಗ.

"ನಿನಗೆ ಬೇಕಾಗಿದ್ದೂ ಇದೇ ಅಲ್ವಾ ಅಮ್ಮ? ಕರಾರು ಮುರೀಬೇಕು ಅಂತ ತಾನೆ?"

"ಅಲ್ಲ ಕಣೇ."

"ಮೊದಲ ದಿನದಿಂದಲೂ ನಿನಗೆ ಇಷ್ಟ ಇರಲಿಲ್ಲ. ನನ್ನ ಕಾಲು ನೋಡಿದೀಯಾ ಸಂಜೆ ಹೊತ್ತಿಗೆ ಹೇಗೆ ಊದಿರುತ್ತೆ ಅಂತ? ನಿನಗೆ ನಿನ್ನ ಕುರ್ಚಿ ಒಂದು ಉಳಿದರೆ ಸಾಕು." ಮಗಳು ತಟ್ಟೆ ಸರಿಸಿ ಕೆಳಗೆ ಹೋದಳು. ಸರದಿಯಲ್ಲಿ ಏಳು ಜನ ಕಾಯುತ್ತಿದ್ದರು.

ದೊಡ್ಡ ಡಾಕ್ಟರು ಪೇಪರಿನ ಹಿಂದಿನಿಂದ, "ಅವಳು ಹೇಳಿದ್ದರಲ್ಲಿ ಅರ್ಧ ನಿಜ ಕಣೇ" ಎಂದರು.

"ಮುಕ್ಕಾಲು ರೀ" ಎಂದಳು ಕೌಂಟರಮ್ಮ.

ಮರುದಿನ ಅವಳು ಪೆಟ್ಟಿಗೆಯನ್ನು ಅಳಿಯನ ಕೈಲಿ ಹೊರಿಸಿಕೊಂಡು ಬಂದು ಊಟದ ಮೇಜಿನ ಮೇಲಿಟ್ಟಳು. ಇಸ್ತ್ರಿ ಚೆನ್ನಾಗಿಯೇ ಆಗಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ದಪ್ಪ ಕಾಗದ ಒಮ್ಮೆ ಮುರಿದರೆ ಮುರಿದದ್ದೇ. ಬಲಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರೆ ಸಣ್ಣ ಗೆರೆ ತಟ್ಟುತ್ತಿತ್ತು. ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು. ಒಂದೊಂದೇ ಕಾರ್ಡು ತೆಗೆದು, ಸವರಿ, ಗೆರೆ ಸಿಕ್ಕಿದ್ದನ್ನು ಮಡಚಿ ಬೇರೆ ಇಡುವುದು. ದಿನಕ್ಕೆ ಇನ್ನೂರು ಕಾರ್ಡು. ಆಮೇಲೆ ಫೋನು. ಗೆರೆಯಿದ್ದ ಪ್ರತಿಯೊಂದು ಮನೆಗೂ ಅವಳೇ ಫೋನು ಮಾಡಿ, ತಪ್ಪು ತನ್ನದು ಎಂದು ಹೇಳಿದಳು. ಕೆಲವರು ಇರಲಿ ಬಿಡಿ ಎಂದರು. ಕೆಲವರು ಸತ್ತದ್ದರ ಕಥೆಯನ್ನೇ ಮೊದಲಿಂದ ಹೇಳಿದರು, ಅವಳು ಕೇಳಿದಳು. ನಿವೃತ್ತ ಗಣಿತದ ಟೀಚರ ಬೆಕ್ಕು ಹೋಗಿ ತಿಂಗಳಾಗಿತ್ತು.

"ಲೆಕ್ಕ ತಪ್ಪಿದರೆ ಅಳಿಸಿ ಸುಮ್ಮನಾಗಬಾರದು, ಮತ್ತೆ ಮಾಡಿ ತೋರಿಸಬೇಕು. ಮಾಡ್ತಿದೀಯಾ?" ಎಂದು ಟೀಚರು ಗದರಿದರು.

"ಮಾಡ್ತಿದೀನಿ ಟೀಚರ್" ಎಂದಳು ಅರವತ್ತೆಂಟರ ಕೌಂಟರಮ್ಮ.

"ಇನ್ನೊಂದು ಸಾಕಿದೀನಿ, ಕುಂಟು ಮರಿ. ಆ ಹೆದ್ದಾರಿ ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಬೇಕು. ನನ್ನ ಮಂಡಿ ಕೇಳಲ್ಲ. ನೀವು ಬಾಗಿಲು ಹಾಕ್ತೀರಂತೆ, ನಿಜವಾ?"

"ಇನ್ನೂ ಗೊತ್ತಿಲ್ಲ ಟೀಚರ್."

ದರ್ಜಿಗೆ ಮಾತ್ರ ಅವಳು ಫೋನು ಮಾಡಲಿಲ್ಲ. ಅವನಿಗೆ ಮುಖ ಕೊಟ್ಟೇ ಹೇಳಬೇಕಿತ್ತು. ದಿನಾ ನಾಳೆ ಹೋಗುತ್ತೇನೆ ಅಂದುಕೊಳ್ಳುತ್ತಿದ್ದಳು.

ಎರಡನೇ ವಾರ ಒಂದು ಮಧ್ಯಾಹ್ನ ಮಗಳು ಮೇಲೆ ಬಂದಳು. ಬೇಯಿಸಿದ ಮೊಟ್ಟೆ ಎರಡು ತಟ್ಟೆಗೆ ಹಾಕಿಕೊಂಡು ತಾಯಿಯ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿ, ತಾನೂ ಒಂದು ಕಾರ್ಡು ತೆಗೆದು ಹೆಬ್ಬೆರಳು ಆಡಿಸಿದಳು.

"ಇದು?"

"ಕೊಡಿಲ್ಲಿ. ಇದು ಬದುಕಿದೆ. ಮೊನ್ನೆ ತಾನೆ ನಿನ್ನ ಬೆರಳು ಕಚ್ಚಿತಲ್ಲ, ಅದೇ."

ಮಗಳು ನಕ್ಕಳು. ಮೂರು ವಾರದಲ್ಲಿ ಮೊದಲ ಸಲ.

"ಎಷ್ಟಾಯ್ತು?"

"ಗೆರೆ ಇರೋದು ನಾನೂರ ಹನ್ನೊಂದು. ಗೆರೆ ಇಲ್ಲದೆ ಸತ್ತಿರೋದು ಒಂದು." ದರ್ಜಿಯ ಗುಂಡನ ವಿಷಯ ಅವಳು ಆಗ ಮಗಳಿಗೆ ಹೇಳಿದಳು. ಮಗಳು ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು, ಅಲ್ಲೇ ಕೂತು, ಬದುಕಿರುವವು ಒಂದು ಸಾವಿರದ ಏಳುನೂರ ಇಪ್ಪತ್ತೆಂಟು ಎಂದು ಕಂಪನಿಗೆ ತಾನೇ ಬರೆದು ಕಳಿಸಿದಳು. ಅಡುಗೆಮನೆಯಲ್ಲಿ ಅಳಿಯ ತಲೆ ಮೇಲೆ ಕೈಹೊತ್ತು ಕೂತ. ಆ ಸಂಜೆ ಆಲೂಗಡ್ಡೆಗೆ ಉಪ್ಪನ್ನೇ ಹಾಕಿರಲಿಲ್ಲ.

ನಾಲ್ಕು ದಿನದ ಮೇಲೆ ಕಂಪನಿಯ ಹುಡುಗಿ ಬಂದಳು. ಕೆಟ್ಟವಳಲ್ಲ. ಬರುವಾಗ ಹಣ್ಣು ತಂದಿದ್ದಳು, ದೊಡ್ಡ ಡಾಕ್ಟರ ಭುಜದ ನೋವು ಹೇಗಿದೆಯೆಂದೂ ಕೇಳಿದಳು. ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಳು.

"ಒಂದು ದಾರಿ ಇದೆ ಮೇಡಂ. ನಮ್ಮ ಮೇಲಿನವರನ್ನ ಕೇಳಿ ಬಂದಿದೀನಿ. ಈ ನಾನೂರ ಹನ್ನೆರಡು ಮನೆ ಇದೆಯಲ್ಲ, ಅವನ್ನ ನಾವು ಕಳೆಯೋದೇ ಬೇಡ. ಪ್ರಾಣಿ ಹೋದ ಮನೆಯವರು ಆರೇಳು ತಿಂಗಳಲ್ಲಿ ಇನ್ನೊಂದು ತರ್ತಾರೆ. ಅದರಲ್ಲೂ ವಯಸ್ಸಾದವರು, ಒಂಟಿ ಇರೋರು. ಅವರನ್ನ ಮುಂದಿನ ಗ್ರಾಹಕರು ಅಂತ ಸೇರಿಸ್ಕೊಂಡರೆ ಎರಡು ಸಾವಿರ ದಾಟುತ್ತೆ. ದವಾಖಾನೆ ಇಲ್ಲೇ ಇರುತ್ತೆ."

"ಅದಕ್ಕೆ ನಾವೇನು ಮಾಡಬೇಕು?" ಅಳಿಯ ಕುರ್ಚಿ ಮುಂದೆಳೆದ.

"ಯಾವುದು ಯಾವ ತಿಂಗಳು ಸತ್ತಿತು ಅಂತ ಬೇಕು, ಅಷ್ಟೇ. ಸರಿಯಾಗಿ ಆರು ತಿಂಗಳಿಗೆ ಮರಿಗಳ ಫೋಟೋ ಕಳಿಸ್ತೀವಿ. ತಾರೀಕು ಕಾರ್ಡಲ್ಲಿ ಇಲ್ಲ. ಅಮ್ಮನಿಗೆ ಗೊತ್ತಿರಬಹುದೇನೋ ಅಂತ..."

ಅಮ್ಮನಿಗೆ ಗೊತ್ತಿತ್ತು. ಒಂದೊಂದೂ ಗೊತ್ತಿತ್ತು. ಯಾರು ಬಂದು ಹೇಳಿದರು, ಅವತ್ತು ಮಳೆಯಿತ್ತೇ ಬಿಸಿಲೇ, ಎಲ್ಲ. ಅವಳು ಮಗಳ ಕಡೆ ನೋಡಿದಳು. ಮಗಳು ಚಪ್ಪಲಿ ಬಿಟ್ಟು ಒಂದು ಪಾದದಿಂದ ಇನ್ನೊಂದನ್ನು ಒತ್ತಿಕೊಳ್ಳುತ್ತಿದ್ದಳು. ಪಾದದ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು.

"ಬರ್ಕೊಳಮ್ಮ, ಹೇಳ್ತೀನಿ" ಎಂದಳು ಕೌಂಟರಮ್ಮ. "ಟೀಚರ ಬೆಕ್ಕು ಬೆಳ್ಳಿ, ಹೋದ ತಿಂಗಳು ಮೊದಲನೇ ವಾರ. ಬೇಕರಿಯವರ ಬಿಳಿ ನಾಯಿ, ಅದರ ಹಿಂದಿನ ತಿಂಗಳು. ದರ್ಜಿಯ..."

"ಅಮ್ಮ, ಸಾಕು."

"ಇರಲಿ ಬಿಡೇ, ನಿನಗೆ ಭಾನುವಾರ..."

"ಸಾಕು ಅಂದೆನಲ್ಲ." ಮಗಳ ದನಿ ದೊಡ್ಡದೇನೂ ಆಗಿರಲಿಲ್ಲ. "ಅವರು ಬಂದು ಹೇಳಿದ್ದು ನಿನಗೆ. ಕಂಪನಿಗಲ್ಲ." ಆಮೇಲೆ ಹುಡುಗಿಯ ಕಡೆ ತಿರುಗಿದಳು. "ನಾಲ್ಕನೇ ಪುಟದಲ್ಲಿ ಏನಿದೆಯೋ ಹಾಗೇ ಆಗಲಿ. ನಾನು ಹೆದ್ದಾರಿ ಆಸ್ಪತ್ರೆಗೆ ಬರ್ತೀನಿ. ಈ ಕಟ್ಟಡ ನಮ್ಮ ಹತ್ತಿರಾನೇ ಇರಲಿ."

"ಖಾಲಿ ಇಟ್ಕೊಂಡು ಏನು ಮಾಡ್ತೀರಿ ಮೇಡಂ?"

ಹುಡುಗಿ ಹೋದ ಮೇಲೆ ಅಳಿಯ ಒಂದು ಸುತ್ತು ಎಲ್ಲರ ಮೇಲೂ ರೇಗಾಡಿ, ಆಮೇಲೆ ಅವಳು ತಂದ ಹಣ್ಣನ್ನೇ ಹೆಚ್ಚಿ ಎಲ್ಲರಿಗೂ ಕೊಟ್ಟ. ಕುರ್ಚಿಗಾಗಿ ತಾನು ಹೀಗೆ ಮಾಡಲಿಲ್ಲವೆಂದು ಮಗಳು ನಂಬಿದಳಲ್ಲ ಎಂದು ಕೌಂಟರಮ್ಮನಿಗೆ ಅಳು ಬಂದಿತ್ತು, ಹಣ್ಣಿನ ತಟ್ಟೆಯ ಮೇಲೆ ಬಗ್ಗಿ ಅದನ್ನು ನುಂಗಿಕೊಂಡಳು.

ಖಾಲಿ ಇಟ್ಟುಕೊಂಡು ಏನು ಮಾಡುವುದು ಎಂಬುದಕ್ಕೆ ಉತ್ತರ ಬಂದದ್ದು ತಿಂಗಳ ಕೊನೆಯಲ್ಲಿ, ಯಾರೂ ಎದುರು ನೋಡದ ಕಡೆಯಿಂದ. ಮಗಳು ಹೊಸ ಕೆಲಸಕ್ಕೆ ಹೊರಟ ಬೆಳಿಗ್ಗೆ ದೊಡ್ಡ ಡಾಕ್ಟರು ಕ್ಷೌರ ಮಾಡಿಕೊಂಡು, ಹಳೆಯ ಕೋಟು ಹಾಕಿಕೊಂಡು, ಕೆಳಗಿಳಿದು ಬಾಗಿಲು ತೆಗೆದರು.

"ಎಲ್ಲಿಗೆ ರೀ?"

"ಸೂಜಿ ಹಾಕೋಕೆ ಎಡಗೈ ಸಾಕು. ಬೆಳಗಿನ ಹೊತ್ತು ಒಂದು ಮೂರು ಗಂಟೆ ಕಾಲ ಕೂರ್ತೀನಿ. ದೊಡ್ಡ ಕಾಯಿಲೆ ಆದ್ರೆ ಮಗಳಿಗೆ ಕಳಿಸಿದರಾಯ್ತು." ಅವರು ಮೂಗಿನ ಗುರುತು ಸವರಿಕೊಂಡರು. "ಬೆಕ್ಕು ಬಂದರೆ ಮಾತ್ರ ನೀನೇ ಹಿಡ್ಕೋಬೇಕು."

ಮೊದಲ ದಿನವೇ ಟೀಚರು ಕುಂಟು ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಎಂಟುನೂರು ಗ್ರಾಮಿನ ಆ ಪ್ರಾಣಿಯನ್ನು ಕೌಂಟರಮ್ಮ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಒಂದು ಕಾಲಕ್ಕೆ ಗೂಳಿಯನ್ನು ಕೆಡವಿದ್ದ ಡಾಕ್ಟರು ತೋಳುದ್ದ ದೂರ ನಿಂತು ಲಸಿಕೆ ಹಾಕಿದರು. ಟೀಚರು ಕನ್ನಡಕದ ಮೇಲಿಂದ ನೋಡಿ, "ಪಾಸು" ಎಂದರು.

ಅವರು ಹೋದ ಮೇಲೆ ದರ್ಜಿ ಬಂದ. ಕೈಯಲ್ಲಿ ಏನೂ ಇರಲಿಲ್ಲ. ಬೆಂಚಿನ ತುದಿಯಲ್ಲಿ ಕೂತ.

"ಬಾಗಿಲು ತೆಗೆದಿತ್ತು. ಹಾಗೇ ಬಂದೆ" ಎಂದ. ಆಮೇಲೆ ಎದ್ದು ಕೌಂಟರಿನ ಬಳಿ ಬಂದು, "ನಮ್ಮವನ ಕಾರ್ಡು ಇನ್ನೂ ಇದೆಯಾ ಕೌಂಟರಮ್ಮ?" ಎಂದು ಕೇಳಿದ.

ಅವಳು ಪೆಟ್ಟಿಗೆಯಿಂದ ಕಾರ್ಡು ತೆಗೆದು, ಯಾವತ್ತೂ ಮಾಡದ ಕೆಲಸ ಮಾಡಿದಳು, ಅದನ್ನು ಕೌಂಟರಿನ ಮೇಲೆ ಅವನ ಮುಂದೆ ಇಟ್ಟಳು. ಹದಿನಾಲ್ಕು ವರ್ಷ, ಎರಡೂ ಮಗ್ಗುಲು ತುಂಬಿತ್ತು.

"ಸತ್ತವರದ್ದು ಮೂಲೆ ಮಡಚಿ ಇಡ್ತೀನಿ. ಯಾರಿಗೂ ಕಾಣದ ಹಾಗೆ" ಎಂದಳು. "ನೀವು ಅಂಗಡಿಯಲ್ಲಿ ಹೇಳಿದ ದಿನ ನಿಮ್ಮವನದ್ದು ಮಡಚಲಿಲ್ಲ. ಮನೆಯವರ ಮೇಲೆ ಕೋಪ ಮಾಡ್ಕೊಂಡಿದ್ದೆ. ಅದಕ್ಕೇ ನಿಮಗೆ ಆ ಮೆಸೇಜು ಬಂದಿದ್ದು. ಮಷಿನ್ನಿಂದಲ್ಲ, ನನ್ನಿಂದ."

ದರ್ಜಿ ಕಾರ್ಡನ್ನು ಕೈಗೆ ತೆಗೆದುಕೊಂಡು ಮೊದಲ ಸಾಲಿನಿಂದ ನಿಧಾನವಾಗಿ ನೋಡಿದ. ಮರಿಯಾಗಿದ್ದಾಗಿನ ತೂಕ, ಜಂತಿನ ಔಷಧಿ, ಕಾಲು ಮುರಿದ ವರ್ಷ.

"ಯಾವ ಕಡೆ ಮೂಲೆ?"

"ಬಲಗಡೆ. ಮೇಲಿಂದು."

ಅವನು ಕಾರ್ಡನ್ನು ಕೌಂಟರಿನ ಮೇಲೆ ನೆಟ್ಟಗಿಟ್ಟು, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ ಮೂಲೆ ಮಡಚಿದ. ಬಟ್ಟೆಗೆ ಮಡಿಕೆ ಹಾಕುವ ಹಾಗೆ ಹೆಬ್ಬೆರಳಿನ ಉಗುರಿನಿಂದ ಒಂದು ಸಲ ಗೀರಿದ. ಸಾಲದೆಂದು ಇನ್ನೊಂದು ಸಲ ಗೀರಿದ. ಆಮೇಲೆ ಕಾರ್ಡನ್ನು ಅವಳ ಕೈಗೆ ಕೊಟ್ಟ.